ಸದಸ್ಯರಿಗೆ 1, 2, 3. ವಾರ್ಡಿನ ಮತದಾರನಿಗೆ ಒಂದೇ ಬಟನ್!

ಅರಸೀಕೆರೆ: ನಗರಸಭೆ ಸದಸ್ಯರನ್ನ ಆರಿಸುವ ಮತದಾರ ಒತ್ತೋದು ಒಂದೇ ಬಟನ್. ಅದೇ ಸದಸ್ಯರು ವಿಧಾನ ಪರಿಷತ್‌ಗೆ ಮತ ಹಾಕುವಾಗ ಮಾತ್ರ ಅಭ್ಯರ್ಥಿಗಳ ಎದುರು 1, 2, 3 ಎಂದು ಬರೆಯುತ್ತಾರೆ. ಇದೇ ಪ್ರಾಶಸ್ತ್ಯ ಮತ. 2021ರ ಡಿಸೆಂಬರ್‌ನಲ್ಲಿ ಹಾಸನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಚುನಾವಣೆ ನಡೆದದ್ದೂ ಹೀಗೆಯೇ. ಬೇಲೂರು ಪುರಸಭೆ, ಹಳೇಬೀಡು ಗ್ರಾಮ ಪಂಚಾಯಿತಿ ಸದಸ್ಯರೂ ಈ ಕ್ಷೇತ್ರದ ಮತದಾರರು.

ವಾರ್ಡಿಗೂ ಇದೇ ಬಂದರೆ? ಒಂದು ವಾರ್ಡಲ್ಲಿ 100 ಮತ ಬಿತ್ತು ಅಂದ್ಕೊಳ್ಳಿ. ಮೂವರಿಗೆ 40, 35, 25. ಈಗಿನ ಲೆಕ್ಕದಲ್ಲಿ 40 ಪಡೆದವರು ಗೆದ್ರು. ಉಳಿದ 60 ಜನ ಬೇಡ ಅಂದಿದ್ದರೂ ಅಷ್ಟೇ. ಪ್ರಾಶಸ್ತ್ಯ ಪದ್ಧತಿಯಲ್ಲಿ ಗೆಲ್ಲೋಕೆ 51 ಬೇಕು. ಯಾರಿಗೂ ಬರದಿದ್ದರೆ 25ರವರು ಔಟ್. ಅವರ ಮತಪತ್ರಗಳಲ್ಲಿನ ಎರಡನೇ ಆಯ್ಕೆ ನೋಡ್ತಾರೆ. ಅದರಲ್ಲಿ 20 ಮತ ಎರಡನೆಯವರಿಗೆ ಹೋದರೆ ಅವರದು 55, ಫಲಿತಾಂಶವೇ ಉಲ್ಟಾ. ವೋಟು ಒಡೆಯಲೆಂದೇ ಡಮ್ಮಿ ನಿಲ್ಲಿಸುವ ಆಟ ಇಲ್ಲಿ ಅಷ್ಟು ಸುಲಭಕ್ಕೆ ನಡೆಯಲ್ಲ. ಎದುರಾಳಿಯ ಬೆಂಬಲಿಗರ ಮನೆಗೂ ಹೋಗಿ ‘ಎರಡನೇದಾದ್ರೂ ನನಗೆ ಕೊಡಿ’ ಅಂತ ಕೈಮುಗಿಯಬೇಕು.

ತೊಡಕೂ ಇದೆ. ‘ಬರೀ 1 ಹಾಕಿ, 2 ಬೇಡ’ ಎಂದು ಪಕ್ಷದವರು ಹೇಳಿಕೊಟ್ಟರೆ ಅಭ್ಯರ್ಥಿ ಔಟಾದಾಗ ಆ ಮತವೂ ಅಲ್ಲಿಗೇ ನಿಲ್ಲುತ್ತೆ. ಅಂಕಿ ಬದಲು ಟಿಕ್ ಹಾಕಿದ್ರೆ, ಇಬ್ಬರಿಗೂ 1 ಬರೆದ್ರೆ ಮತ ತಿರಸ್ಕೃತ. ಪದವೀಧರರ ಕ್ಷೇತ್ರಗಳಲ್ಲೇ ಸಾವಿರಗಟ್ಟಲೆ ಮತ ಹೀಗೆ ಹಾಳಾಗುತ್ತವೆ. ಅಕ್ಷರ ಬಾರದ ಅಜ್ಜಿಯ ಗತಿ ಏನು? ಮತಪತ್ರದ ಎಣಿಕೆಯೂ ನಿಧಾನ.

ಪದ್ಧತಿ ಬದಲಾಗಬೇಕಾದರೆ ಪುರಸಭೆಗಳ ಕಾಯ್ದೆ, ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ಆಗಬೇಕು. ಅದು ಬೆಂಗಳೂರಿನ ವಿಧಾನಸೌಧದ ಕೆಲಸ.