ಬೆನಿನ್ ಫಲಕಗಳ ಒಡೆಯರು ಯಾರು?

ವಸಾಹತು ಕಾಲದಲ್ಲಿ ಆಫ್ರಿಕದಿಂದ ಯುರೋಪಿಗೆ ಸಾಗಿಸಲಾದ ಕಲಾಕೃತಿಗಳನ್ನು ಮರಳಿಸುವ ಚರ್ಚೆಯಲ್ಲಿ ಬೆನಿನ್ ಕಂಚಿನ ಕೃತಿಗಳಷ್ಟು ಹೆಸರಾದವು ಬಹಳಿಲ್ಲ. ಇಲ್ಲಿ ಬೆನಿನ್ ಎಂದರೆ ಇಂದಿನ ನೈಜೀರಿಯದ ಎಡೊ ರಾಜ್ಯದಲ್ಲಿ, ಬೆನಿನ್ ಸಿಟಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ಹಳೆಯ ಅರಸೊತ್ತಿಗೆಯೇ ಹೊರತು ಬೆನಿನ್ ಗಣರಾಜ್ಯವಲ್ಲ. ಕಂಚು ಎಂಬುದೂ ರೂಢಿಯ ಮಾತಷ್ಟೆ, ಲೋಹದ ಕೃತಿಗಳಲ್ಲಿ ಬಹುಪಾಲು ಹಿತ್ತಾಳೆಯವು, ದಂತದ ಕೆತ್ತನೆಗಳೂ ಈ ಹೆಸರಿನಡಿಯೇ ಸೇರಿಹೋಗಿವೆ.

ಒಬಾ ಎಂಬ ಬಿರುದಿನ ಅರಸನಿಗಾಗಿ ದುಡಿಯುತ್ತಿದ್ದ ಎರಕಗಾರರು ರಾಜಧಾನಿಯ ಇಗುನ್ ಬೀದಿಯಲ್ಲಿ ವಂಶಪಾರಂಪರ್ಯವಾಗಿ ನೆಲೆಸಿದ್ದರು. ಮೇಣದಲ್ಲಿ ರೂಪವನ್ನು ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ ಕಾಯಿಸಿ, ಮೇಣ ಕರಗಿ ಹರಿದುಹೋದ ಮೇಲೆ ಉಳಿಯುವ ಪೊಳ್ಳಿನೊಳಗೆ ಕಾದ ಲೋಹವನ್ನು ಹೊಯ್ಯುವುದು ಅವರ ವಿಧಾನವಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ವಿಗ್ರಹಗಳ ಎರಕಕ್ಕೆ ಹೇಳಿರುವುದೂ ಇದೇ ಕ್ರಮವನ್ನು. 16 ಮತ್ತು 17ನೆಯ ಶತಮಾನಗಳಲ್ಲಿ ಎರಕಗೊಂಡು ಅರಮನೆಯ ಕಂಬಗಳನ್ನು ಅಲಂಕರಿಸಿದ್ದ ಫಲಕಗಳಲ್ಲಿ ಒಬಾ, ಅವನ ಸರದಾರರು, ಗಡ್ಡಧಾರಿ ಪೋರ್ಚುಗೀಸರು ಕಾಣಸಿಗುತ್ತಾರೆ. ಲಿಪಿಯಿಲ್ಲದ ರಾಜ್ಯದಲ್ಲಿ ಆಸ್ಥಾನದ ಚರಿತ್ರೆಯನ್ನು ಕಾಪಿಟ್ಟ ದಾಖಲೆಗಳೆಂದೇ ಇವುಗಳನ್ನು ಓದಬೇಕಾಗುತ್ತದೆ. ಲೋಹದ ಬಹುಭಾಗ ಬಂದದ್ದು ಯುರೋಪಿನ ವ್ಯಾಪಾರಿಗಳು ನಾಣ್ಯದಂತೆ ಬಳಸುತ್ತಿದ್ದ, ಮನಿಲಾ ಎಂಬ ಹಿತ್ತಾಳೆ ಕಡಗಗಳಿಂದ. ಆ ಕಡಗಗಳಿಂದ ಮೆಣಸು ಮತ್ತು ದಂತವನ್ನಷ್ಟೇ ಅಲ್ಲದೆ ಗುಲಾಮರನ್ನೂ ಕೊಳ್ಳಲಾಗುತ್ತಿತ್ತು.

1897ರ ಜನವರಿಯಲ್ಲಿ, ಉತ್ಸವದ ಕಾಲವಾದ್ದರಿಂದ ಈಗ ಬರಬೇಡಿ ಎಂಬ ಸೂಚನೆಯನ್ನು ಕಡೆಗಣಿಸಿ ಬೆನಿನ್ ಸಿಟಿಯತ್ತ ಹೊರಟ ಬ್ರಿಟಿಷ್ ಅಧಿಕಾರಿ ಜೇಮ್ಸ್ ಫಿಲಿಪ್ಸ್‌ನ ತಂಡದ ಬಹುತೇಕರು ದಾರಿಯಲ್ಲಿ ಹತ್ಯೆಗೀಡಾದರು. ಮರುತಿಂಗಳೇ ಬಂದ ಸೈನ್ಯ ಅರಮನೆಯನ್ನು ಸೂರೆ ಮಾಡಿತು, ನಗರ ಬೆಂಕಿಗೆ ಆಹುತಿಯಾಯಿತು, ಒಬಾ ಒವೊನ್ರಾಮ್ವೆನ್‌ನನ್ನು ಕಲಾಬಾರ್‌ಗೆ ಗಡೀಪಾರು ಮಾಡಲಾಯಿತು, ಅವನು 1914ರಲ್ಲಿ ಅಲ್ಲಿಯೇ ತೀರಿಕೊಂಡ. ಇದನ್ನು ದಂಡನೆಯ ಕಾರ್ಯಾಚರಣೆ ಎಂದು ಕರೆದರೂ ತಾಳೆಎಣ್ಣೆಯೇ ಮೊದಲಾದ ಸರಕುಗಳ ವ್ಯಾಪಾರದ ಮೇಲೆ ಒಬಾನಿಗಿದ್ದ ಹಿಡಿತವನ್ನು ಮುರಿಯುವ ಆಸೆ ಅದಕ್ಕೂ ಮೊದಲೇ ಹುಟ್ಟಿತ್ತು. ಕೊಳ್ಳೆಯ ಒಂದು ಪಾಲನ್ನು ಅಧಿಕಾರಿಗಳು ಹಂಚಿಕೊಂಡರೆ, ಇನ್ನೊಂದು ಪಾಲು ಯುದ್ಧದ ಖರ್ಚು ತುಂಬಿಕೊಳ್ಳಲು ಲಂಡನ್ನಿನಲ್ಲಿ ಮಾರಾಟವಾಯಿತು. ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕಾಗಿ ಫೆಲಿಕ್ಸ್ ಫಾನ್ ಲೂಷಾನ್ ನೂರಾರು ಕೃತಿಗಳನ್ನು ಕೊಂಡದ್ದು ಹೀಗೆ.

ಬೆನಿನ್ನಿನ 900ಕ್ಕೂ ಹೆಚ್ಚು ವಸ್ತುಗಳನ್ನು ಇಟ್ಟುಕೊಂಡಿರುವ ಬ್ರಿಟಿಷ್ ಮ್ಯೂಸಿಯಂ, ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ತನ್ನನ್ನು ಕಟ್ಟಿಹಾಕಿರುವ 1963ರ ಕಾಯ್ದೆಯನ್ನು ಮುಂದೊಡ್ಡುತ್ತದೆ. ಆದರೆ ಒಂದರಂತೆ ಇನ್ನೊಂದಿದೆ ಎಂಬ ನೆಪದಲ್ಲಿ 1950ರಿಂದ 1972ರವರೆಗೆ ಅದೇ ಸಂಸ್ಥೆ ಮೂವತ್ತಕ್ಕೂ ಹೆಚ್ಚು ಫಲಕಗಳನ್ನು ಮಾರಿತ್ತು, ಕೊಂಡವರಲ್ಲಿ ನೈಜೀರಿಯದ ಸರ್ಕಾರವೂ ಇತ್ತು. ದೋಚಿದವರಿಂದಲೇ ತನ್ನ ವಸ್ತುವನ್ನು ಹಣ ತೆತ್ತು ಬಿಡಿಸಿಕೊಂಡ ದೇಶಕ್ಕೆ ಇಂದು ಕಾಯ್ದೆಯ ಪಾಠ ಹೇಳುವುದು ಒಪ್ಪುವ ಮಾತಲ್ಲ.

ಉಳಿದವರು ಅಷ್ಟು ಬಿಗಿಯಾಗಿಲ್ಲ. 2021ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜು ಹಿತ್ತಾಳೆಯ ಹುಂಜವನ್ನೂ ಅಬರ್ಡೀನ್ ವಿಶ್ವವಿದ್ಯಾಲಯ ಒಬಾನ ಶಿರವನ್ನೂ ಮರಳಿಸಿದವು. 2022ರಲ್ಲಿ ಜರ್ಮನಿಯು ಸಾವಿರಕ್ಕೂ ಹೆಚ್ಚು ಕೃತಿಗಳ ಒಡೆತನವನ್ನು ನೈಜೀರಿಯಕ್ಕೆ ವರ್ಗಾಯಿಸಲು ಒಪ್ಪಿತು. ಬರ್ಲಿನ್ನಿನ ಕೃತಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಎರವಲಾಗಿ ಅಲ್ಲೇ ಉಳಿಯಿತು. ಒಡೆತನವನ್ನೂ ಇರುವ ತಾಣವನ್ನೂ ಬೇರ್ಪಡಿಸಿದ ಈ ಏರ್ಪಾಟು ಬಹುಶಃ ಇಡೀ ಚರ್ಚೆಯ ಅತ್ಯಂತ ವಿವೇಕದ ಹೆಜ್ಜೆ. 2025ರಲ್ಲಿ ನೆದರ್ಲೆಂಡ್ಸ್ 119 ಕೃತಿಗಳನ್ನು ಹಿಂದಿರುಗಿಸಿತು.

ತೊಡಕು ಎದ್ದದ್ದು ನೈಜೀರಿಯದಲ್ಲಿಯೇ. ಮರಳುವ ಕೃತಿಗಳ ಒಡೆಯ ಈಗಿನ ಒಬಾ ಎರಡನೆಯ ಎವುವಾರೆ ಎಂದು 2023ರಲ್ಲಿ ಅಧ್ಯಕ್ಷ ಬುಹಾರಿ ಘೋಷಿಸಿದಾಗ, ಸಾರ್ವಜನಿಕ ಸ್ವತ್ತು ಖಾಸಗಿಯಾಯಿತೆಂದು ಯುರೋಪಿನಲ್ಲಿ ಕೆಲವರು ಆಕ್ಷೇಪಿಸಿದರು, ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಹಸ್ತಾಂತರವನ್ನು ಮುಂದೂಡಿತು. ಮನಿಲಾಗಳ ಬೆಲೆ ತೆತ್ತವರು ತಮ್ಮ ಪೂರ್ವಿಕರೆಂದು ಅಮೆರಿಕದ ಗುಲಾಮರ ವಂಶಜರಲ್ಲಿ ಕೆಲವರು ಪಾಲು ಕೇಳುತ್ತಿದ್ದಾರೆ. ಅವರ ನೈತಿಕ ಪ್ರಶ್ನೆ ಉಳಿದೆಲ್ಲ ಆಕ್ಷೇಪಗಳಿಗಿಂತ ತೂಕದ್ದು. ಕದ್ದ ಮಾಲನ್ನು ಕೈಯಲ್ಲಿಟ್ಟುಕೊಂಡವರು ವಾರಸುದಾರರ ಜಗಳ ಮುಗಿಯಲಿ ಎನ್ನುವುದಂತೂ ನ್ಯಾಯವಲ್ಲ. 2025ರಲ್ಲಿ ಒಬಾ ಮತ್ತು ದೇಶದ ವಸ್ತುಸಂಗ್ರಹಾಲಯ ಆಯೋಗ ಮಾಡಿಕೊಂಡ ಒಪ್ಪಂದದಂತೆ ಒಡೆತನ ಅರಮನೆಯದು, ನಿರ್ವಹಣೆ ಆಯೋಗದ್ದು. ಆದರೆ ಈ ಕೃತಿಗಳ ನೆಲೆಯಾದೀತೆಂದು ಒಮ್ಮೆ ಭಾವಿಸಲಾಗಿದ್ದ ಬೆನಿನ್ ಸಿಟಿಯ ಹೊಸ ಪಶ್ಚಿಮ ಆಫ್ರಿಕ ಕಲಾ ವಸ್ತುಸಂಗ್ರಹಾಲಯದ ಉದ್ಘಾಟನೆಗೆ ಅದೇ ವರ್ಷದ ನವೆಂಬರ್‌ನಲ್ಲಿ ಪ್ರತಿಭಟನಾಕಾರರು ಅಡ್ಡಿಪಡಿಸಿದರು.