ಒಟ್ಟಾವಾ ನಗರದೊಳಗಿನ ಹೊಲ

ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ, ಪಾರ್ಲಿಮೆಂಟ್ ಭವನದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಗೋಧಿ, ಓಟ್ಸ್, ಮುಸುಕಿನ ಜೋಳ, ಸೋಯಾ ಬೆಳೆಯುವ ವಿಶಾಲ ಹೊಲವೊಂದಿದೆ. ಹೆಸರು ಸೆಂಟ್ರಲ್ ಎಕ್ಸ್‌ಪೆರಿಮೆಂಟಲ್ ಫಾರ್ಮ್. ವಿಸ್ತೀರ್ಣ 400 ಹೆಕ್ಟೇರಿಗೂ ಹೆಚ್ಚು. ಬೆಂಗಳೂರಿನ ಲಾಲ್‌ಬಾಗಿನಂಥ ನಾಲ್ಕು ತೋಟಗಳು ಅದರಲ್ಲಿ ಹಿಡಿಯುತ್ತವೆ. ಸುತ್ತಲೂ ಮನೆ, ಅಂಗಡಿ, ವಾಹನ ತುಂಬಿದ ರಸ್ತೆಗಳು. ಒಳಗೆ ಉಳುಮೆ, ಬಿತ್ತನೆ, ಕೊಯ್ಲು ಎಲ್ಲವೂ ಕಾಲಕಾಲಕ್ಕೆ ನಡೆಯುತ್ತವೆ. ಕೇಂದ್ರ ಕೃಷಿ ಇಲಾಖೆಯ ಈ ಸಂಶೋಧನಾ ಕ್ಷೇತ್ರದ ದಾರಿಗಳಲ್ಲಿ ಊರಿನವರು ನಿತ್ಯ ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ತುಳಿಯುತ್ತಾರೆ.

1886ರಲ್ಲಿ ಕೆನಡಾ ಸಂಸತ್ತು ಕಾಯ್ದೆಯೊಂದನ್ನು ಮಾಡಿ, ದೇಶದ ಬೇರೆ ಬೇರೆ ಹವಾಮಾನಗಳಿಗೆ ತಕ್ಕಂತೆ ಐದು ಪ್ರಯೋಗ ಕ್ಷೇತ್ರಗಳನ್ನು ತೆರೆಯಲು ನಿರ್ಧರಿಸಿತು. ಒಟ್ಟಾವಾದ್ದು ಅವುಗಳ ಕೇಂದ್ರ. ಔಷಧ ತಯಾರಿಕೆಯಿಂದ ಬದುಕು ಆರಂಭಿಸಿ ಸಸ್ಯ ಪ್ರಯೋಗಗಳಿಗೆ ಹೊರಳಿದ್ದ ವಿಲಿಯಂ ಸಾಂಡರ್ಸ್ ಅದರ ಮೊದಲ ನಿರ್ದೇಶಕ. ಆಗ ಈ ಜಾಗ ಊರಿನ ಹೊರಗಿತ್ತು. ಮುಂದಿನ ದಶಕಗಳಲ್ಲಿ ನಗರ ಬೆಳೆದು ಹೊಲವನ್ನು ನಾಲ್ಕೂ ದಿಕ್ಕಿನಿಂದ ಸುತ್ತುವರಿಯಿತು.

ಇಲ್ಲಿಂದ ಹೊರಬಂದ ತಳಿಗಳಲ್ಲಿ ಅತ್ಯಂತ ಹೆಸರಾದದ್ದು ಮಾರ್ಕ್ವಿಸ್ ಗೋಧಿ. ಅದರಲ್ಲಿ ಭಾರತದ ಪಾಲೂ ಇದೆ. ಕೆನಡಾದ ಪಶ್ಚಿಮ ಬಯಲುಗಳಲ್ಲಿ ಆಗ ಬೆಳೆಯುತ್ತಿದ್ದ ರೆಡ್ ಫೈಫ್ ರೊಟ್ಟಿಗೆ ಬಹಳ ಒಳ್ಳೆಯ ಗೋಧಿ, ಆದರೆ ಮಾಗುವುದು ತಡ. ಕೊಯ್ಲಿಗೆ ಮೊದಲೇ ಹಿಮ ಬಿದ್ದರೆ ರೈತನ ವರ್ಷದ ದುಡಿಮೆ ಕೈತಪ್ಪಿ ಹೋಗುತ್ತಿತ್ತು. ಭಾರತದಿಂದ ತರಿಸಿದ ಹಾರ್ಡ್ ರೆಡ್ ಕಲ್ಕತ್ತಾ ಗೋಧಿಯ ಗುಣವೆಂದರೆ ಬೇಗ ಮಾಗುವುದು. 1892ರಲ್ಲಿ ಸಾಂಡರ್ಸ್ ಅವರ ಮಗ ಪರ್ಸಿ ಈ ಎರಡನ್ನೂ ಸಂಕರಗೊಳಿಸಿದರು. ಇನ್ನೊಬ್ಬ ಮಗ ಚಾರ್ಲ್ಸ್ ಒಟ್ಟಾವಾದಲ್ಲಿ ಅದರ ಸಂತತಿಯನ್ನು ಒಂದೊಂದಾಗಿ ಸೋಸಿದರು. ಗಿರಣಿಗೆ ಹಾಕಲಾಗದಷ್ಟು ಕಡಿಮೆ ಕಾಳಿದ್ದಾಗ ಅವನ್ನು ಬಾಯಲ್ಲಿ ಅಗಿದು, ಹಿಟ್ಟಿನ ಅಂಟು ಎಷ್ಟು ಎಂದು ಅಂದಾಜು ಮಾಡುತ್ತಿದ್ದರು. ಹೀಗೆ ಆರಿಸಿದ ಮಾರ್ಕ್ವಿಸ್ ರೆಡ್ ಫೈಫ್‌ಗಿಂತ ಹಲವು ದಿನ ಮೊದಲೇ ಕೊಯ್ಲಿಗೆ ಬರುತ್ತಿತ್ತು. 1920ರ ಹೊತ್ತಿಗೆ ಪಶ್ಚಿಮ ಕೆನಡಾದ ಗೋಧಿ ಹೊಲಗಳ ಬಹುಪಾಲನ್ನು ಅದೇ ಆವರಿಸಿತು. ತಾಳ್ಮೆ ಎಂದರೇನೆಂದು ತಿಳಿಯಬೇಕಾದವರು ಈ ಕಥೆಯನ್ನು ಓದಬೇಕು.

ನೋಡಲು ಬರುವವರು ಮೊದಲು ಹೋಗುವುದು ರಿಡೋ ಕಾಲುವೆಯ ಬದಿಯ ವೃಕ್ಷೋದ್ಯಾನಕ್ಕೆ. 1889ರಲ್ಲಿ ಆರಂಭವಾದ ಅದು ಸುಮಾರು 26 ಹೆಕ್ಟೇರಿನಷ್ಟಿದೆ. ಯಾವ ಮರ ಕೆನಡಾದ ಚಳಿಯನ್ನು ತಡೆದೀತು ಎಂಬ ಪರೀಕ್ಷೆಗಾಗಿ ನೆಟ್ಟ ಮರಗಳ ನೆರಳಲ್ಲಿ ಇಂದು ಕುಟುಂಬಗಳು ಬುತ್ತಿ ಬಿಚ್ಚುತ್ತವೆ. ಹತ್ತಿರದ ಹೂದೋಟದಲ್ಲಿ ವಸಂತ ಮುಗಿಯುವ ಹೊತ್ತಿಗೆ ಲೈಲಾಕ್ ಅರಳುತ್ತದೆ. 1920ರಿಂದ ಇಲ್ಲಿ ದುಡಿದ ಇಸಬೆಲ್ಲಾ ಪ್ರೆಸ್ಟನ್ ರೂಪಿಸಿದ ತಳಿಗಳಿಗೆ ಅವರ ಹೆಸರೇ ನಿಂತಿದೆ. ಕೃಷಿ ಮತ್ತು ಆಹಾರ ವಸ್ತುಸಂಗ್ರಹಾಲಯವೂ ಇದೇ ಆವರಣದಲ್ಲಿದೆ. ಅಲ್ಲಿನ ಕೊಟ್ಟಿಗೆಗಳಲ್ಲಿ ಹಸು, ಕುರಿ, ಹಂದಿಗಳಿವೆ. ಹಾಲು ಪ್ಯಾಕೆಟ್ಟಿಗೆ ಬರುವ ಮೊದಲು ಎಲ್ಲಿತ್ತೆಂದು ನಗರದ ಮಗು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಸ್ಕೀ ಕಟ್ಟಿಕೊಂಡವರ ಓಡಾಟ.

ದಾರಿಗಳು ಎಲ್ಲರಿಗೂ ತೆರೆದಿವೆ, ತಾಕುಗಳು ಮಾತ್ರ ಇಲ್ಲ. ಪ್ರತಿ ತಾಕಿಗೂ ಯಾವ ತಳಿ, ಎಷ್ಟು ಗೊಬ್ಬರ, ಯಾವ ದಿನ ಬಿತ್ತನೆ ಎಂಬ ದಾಖಲೆ ಇರುತ್ತದೆ. ಯಾರೋ ಒಳಗೆ ನಡೆದು ನಾಲ್ಕು ಗಿಡ ಮುರಿದರೆ ಆ ತಾಕಿನ ಇಳುವರಿಯ ಲೆಕ್ಕವೇ ತಪ್ಪುತ್ತದೆ. ಈ ನಿರ್ಬಂಧವನ್ನು ಕೊರತೆ ಎಂದು ಬಗೆಯಬೇಕಿಲ್ಲ. ಬಿತ್ತಿದ ಸಾಲು ತೆನೆಯಾಗಿ ಹಣ್ಣಾಗುವವರೆಗೆ ವಾರವಾರವೂ ಬದಲಾಗುವ ಹೊಲವನ್ನು ಬದಿಯಲ್ಲಿ ನಿಂತು ನೋಡುವ ಸುಖ ಕತ್ತರಿಸಿದ ಹುಲ್ಲುಹಾಸಿನ ಪಾರ್ಕು ಕೊಡುವಂಥದ್ದಲ್ಲ.

1998ರಲ್ಲಿ ಈ ಕ್ಷೇತ್ರಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತು. ಹಾಗೆಂದು ಭೂಮಿಯ ಮೇಲಿನ ಕಣ್ಣು ತಪ್ಪಲಿಲ್ಲ. 2014ರಲ್ಲಿ ಹೊಸ ಆಸ್ಪತ್ರೆಗಾಗಿ ಸುಮಾರು 60 ಎಕರೆ ಬಿಟ್ಟುಕೊಡುವ ಘೋಷಣೆ ಹೊರಟಾಗ ವಿಜ್ಞಾನಿಗಳೂ ನಾಗರಿಕರೂ ವಿರೋಧಿಸಿದರು. ಕೊನೆಗೆ 2016ರಲ್ಲಿ ಆಸ್ಪತ್ರೆಗೆಂದು ಆರಿಸಿದ್ದು ಈಶಾನ್ಯ ಅಂಚಿನ ಬೇರೆ ಜಾಗ, ಹಳೆಯ ಸರ್ಕಾರಿ ಕಟ್ಟಡವೊಂದನ್ನು ಕೆಡವಿದ ಸ್ಥಳ. ಆಸ್ಪತ್ರೆ ಬೇಕು, ನಿಜ. ಆದರೆ ದಶಕಗಳ ಕಾಲ ದಾಖಲೆ ಇಟ್ಟುಕೊಂಡು ಬಂದ ಮಣ್ಣನ್ನು ಊರಾಚೆ ಬೇರೊಂದು ಹೊಲ ಕೊಂಡು ತುಂಬಿಕೊಡಲು ಬರುವುದಿಲ್ಲ. ಹತ್ತಿರದಲ್ಲಿ ಏಳುವ ಎತ್ತರದ ಕಟ್ಟಡಗಳೂ ಚಿಂತೆಯ ವಿಷಯವೇ: ಗೋಪುರದ ನೆರಳು ಒಂದು ತಾಕಿನ ಮೇಲೆ ಬಿದ್ದು ಪಕ್ಕದ ತಾಕಿನ ಮೇಲೆ ಬೀಳದಿದ್ದರೆ, ಇಳುವರಿಯ ವ್ಯತ್ಯಾಸ ತಳಿಯದೋ ಬಿಸಿಲಿನದೋ ಎಂದು ಹೇಳುವುದು ಕಷ್ಟ.