ಕಣ್ಣಿಗಿಂತ ಕಿವಿ ಮುಂದೆ: ಮೊಬೈಲಿನಲ್ಲಿ ಬ್ಲೂಸ್ ಗಿಟಾರು ಕಲಿಯುವ ಬಗೆ

ದಢೇಸುಗೂರಿನಂಥ ಊರಲ್ಲಿ ಹಾರ್ಮೋನಿಯಂ ತೋರಿಸಿಕೊಡುವ ಹಿರಿಯರು ಸಿಗುತ್ತಾರೆ, ಡೋಲಕ್ ಹಿಡಿಯುವ ಹುಡುಗರು ಸಿಗುತ್ತಾರೆ, ಏಕತಾರಿ ಮೀಟಿ ತತ್ವಪದ ಹೇಳುವವರನ್ನೂ ಹುಡುಕಬಹುದು. ಬ್ಲೂಸ್ ಗಿಟಾರಿನ ಮೇಷ್ಟ್ರು ಮಾತ್ರ ನನಗೆ ಸಿಕ್ಕಿದ್ದು ಮೊಬೈಲಿನೊಳಗೆ. ತುಂಗಭದ್ರೆಯ ಸೇತುವೆ ದಾಟಿ ಸಿರುಗುಪ್ಪದ ಕಡೆ ಹೋದರೂ, ಈಚೆ ಸಿಂಧನೂರಿಗೆ ಬಂದರೂ ಅಷ್ಟೇ. ಇದೇನೂ ಕೊರತೆಯಲ್ಲ. ಪಾಠಗಳು ರಾಶಿ ರಾಶಿ ಇವೆ, ಬಹುಪಾಲು ಪುಕ್ಕಟೆ. ತೊಂದರೆ ಇರುವುದೇ ಆ ರಾಶಿಯಲ್ಲಿ. ಒಂದು ಪಾಠ ಮುಗಿಯುವ ಮೊದಲೇ ಮುಂದಿನದರ ಚಿತ್ರ ಕಣ್ಣು ಹೊಡೆಯುತ್ತದೆ. ಆರು ತಿಂಗಳಾದ ಮೇಲೆ ನೋಡಿದರೆ ನಲವತ್ತು ತುಣುಕು ಅರೆಬರೆ ಬರುತ್ತವೆ, ಒಂದು ಹಾಡು ನೆಟ್ಟಗೆ ಬರುವುದಿಲ್ಲ. ನನಗೆ ಆದದ್ದು ಇದೇ.

ಯಾಕೆ ಹೀಗೆ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ವಿಡಿಯೊ ಕಲಿಸುವುದು ಕಣ್ಣಿಗೆ. ಬೆರಳು ಎಲ್ಲಿಟ್ಟ, ಯಾವ ತಂತಿ ಒತ್ತಿದ ಎಂದು ನೋಡುತ್ತೇವೆ, ನಕಲು ಮಾಡುತ್ತೇವೆ. ಬ್ಲೂಸ್ ಹುಟ್ಟಿ ಬೆಳೆದಿದ್ದು ಮಾತ್ರ ಕಿವಿಯಿಂದ ಕಿವಿಗೆ. ನಮ್ಮ ಭಜನೆ ಪದವನ್ನು ಯಾರೂ ಹಾರ್ಮೋನಿಯಂ ಮನೆ ಎಣಿಸಿ ಕಲಿತವರಲ್ಲ. ಮೊದಲು ಬಾಯಿಗೆ ಬಂತು, ಆಮೇಲೆ ಕೈ ಹುಡುಕಿತು. ಗಿಟಾರಿಗೂ ಅದೇ ದಾರಿ ಹಿಡಿದರೆ ವಿಡಿಯೊ ಒಳ್ಳೆಯ ಮೇಷ್ಟ್ರಾಗುತ್ತದೆ.

ಬ್ಲೂಸ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲಗಳ ಸೀಮೆಯಲ್ಲಿ, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡು ಇದು. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮೇಳದ ಸಂಗೀತಗಾರ 1903ರ ಸುಮಾರಿಗೆ ಟಟ್ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ, ಗಿಟಾರಿನ ತಂತಿ ಮೇಲೆ ಚಾಕು ಜಾರಿಸುತ್ತ ಹಾಡುತ್ತಿದ್ದ ಒಬ್ಬನನ್ನು ಕೇಳಿದ್ದಾಗಿ ಬರೆದುಕೊಂಡಿದ್ದಾನೆ. ಅವನು ಹಾಡಿದ ಬಗೆ ಹೇಗೆಂದರೆ, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದ, ಗಿಟಾರು ಅದಕ್ಕೆ ಜೊತೆಗೊಡುತ್ತಿತ್ತು. ಮುಂದೆ ಬ್ಲೂಸಿಗೆ ರೂಢಿಯಾದ ಕಟ್ಟು ಮೂರು ಸಾಲಿನದು: ಮೊದಲ ಸಾಲು, ಅದೇ ಇನ್ನೊಮ್ಮೆ, ಮೂರನೆಯದು ಅದಕ್ಕೆ ಉತ್ತರ. ಪ್ರತಿ ಸಾಲಿನ ಕೊನೆಗೆ ಖಾಲಿ ಜಾಗ ಬಿಡುತ್ತಾರೆ, ಅಲ್ಲಿ ಗಿಟಾರು ಮಾತಾಡುತ್ತದೆ. ಒಬ್ಬರು ಎತ್ತಿ ಉಳಿದವರು ಹಿಡಿಯುವ ನಾಟಿ ಪದ ಕೇಳಿದವರಿಗೆ, ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಮ್ಮೇಳದೊಂದಿಗೆ ರಿವಾಯತ್ ಪದ ಕೇಳಿದವರಿಗೆ ಈ ಕೊಡುಕೊಳ್ಳುವಿಕೆ ಹೊಸದಲ್ಲ. ಮಡ್ಡಿ ವಾಟರ್ಸ್ ಎಂಬ ದೊಡ್ಡ ಬ್ಲೂಸ್ ಗಾಯಕ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. 1943ರಲ್ಲಿ ರೈಲು ಹತ್ತಿ ಷಿಕಾಗೊಗೆ ಹೋದ. ನಮ್ಮ ಕಡೆ ಅದಕ್ಕೆ ಗುಳೆ ಹೋಗುವುದು ಅನ್ನುತ್ತೇವೆ. ಷಿಕಾಗೊದ ಗದ್ದಲದಲ್ಲಿ ಮರದ ಗಿಟಾರಿನ ದನಿ ಕೇಳಿಸದೆ ಎಲೆಕ್ಟ್ರಿಕ್ ಗಿಟಾರು ಹಿಡಿದ. ನಾವು ಇಂದು ವಿಡಿಯೊದಲ್ಲಿ ಕಲಿಯುವ ಬ್ಲೂಸಿನ ಬಹುಭಾಗ ಆ ಗುಳೆಯ ಫಲ.

ಇನ್ನು ಸ್ವರಕ್ಕೆ ಬರೋಣ. ಪಾಠದ ವಿಡಿಯೊಗಳಲ್ಲಿ ಮೊದಲ ವಾರವೇ ಬರುವ ಮಾತು ‘ಮೈನರ್ ಪೆಂಟಾಟೋನಿಕ್’. ಹೆಸರು ಕೇಳಿ ಹೆದರಬೇಕಿಲ್ಲ. ಸ, ಕೋಮಲ ಗ, ಮ, ಪ, ಕೋಮಲ ನಿ. ಹಿಂದೂಸ್ತಾನಿಯವರ ಧಾನಿ, ಕರ್ನಾಟಕ ಸಂಗೀತದವರ ಶುದ್ಧ ಧನ್ಯಾಸಿ. ಮಾಲಕಂಸ ಅಂದುಕೊಂಡೀರಿ, ಅದರಲ್ಲಿ ಪಂಚಮವಿಲ್ಲ, ಧೈವತವಿದೆ. ಇಲ್ಲಿ ತಿರುಗಮುರುಗ. ಎ ಶ್ರುತಿಯಲ್ಲಿ ಇದನ್ನು ಗಿಟಾರಿನ ಕತ್ತಿನ ಐದನೇ ಮನೆಯಿಂದ, ಐದನೇ ಫ್ರೆಟ್ಟಿನಿಂದ, ನುಡಿಸುತ್ತಾರೆ. ದಪ್ಪ ತಂತಿಯಿಂದ, ಅಂದರೆ ಆರನೆಯದರಿಂದ, ಶುರು ಮಾಡಿ: ಆರನೇ ತಂತಿಯಲ್ಲಿ 5 ಮತ್ತು 8, ಐದರಲ್ಲಿ 5 ಮತ್ತು 7, ನಾಲ್ಕರಲ್ಲಿ 5 ಮತ್ತು 7, ಮೂರರಲ್ಲೂ 5 ಮತ್ತು 7, ಎರಡರಲ್ಲಿ 5 ಮತ್ತು 8, ಒಂದರಲ್ಲೂ 5 ಮತ್ತು 8. ವಿಡಿಯೊದವರು ಇದನ್ನು ಚೌಕದ ಚಿತ್ರವಾಗಿ ತೋರಿಸುತ್ತಾರೆ. ನೀವು ಸ-ಗ, ಮ-ಪ, ನಿ-ಸ, ಗ-ಮ, ಪ-ನಿ, ಸ-ಗ ಎಂದು ಬಾಯಲ್ಲಿ ಹೇಳುತ್ತ ಒತ್ತಿ. ಚಿತ್ರ ಮರೆತರೂ ಸರಿಗಮ ಮರೆಯುವುದಿಲ್ಲ. ಮ ಮತ್ತು ಪ ನಡುವೆ ತೀವ್ರ ಮಧ್ಯಮ ಒಂದನ್ನು ಸೇರಿಸಿದರೆ ಬ್ಲೂಸ್ ಸ್ಕೇಲ್ ಆಯಿತು. ಐದನೇ ತಂತಿಯ 6ನೇ ಫ್ರೆಟ್, ಮೂರನೇ ತಂತಿಯ 8ನೇ ಫ್ರೆಟ್. ಇದರ ಮೇಲೆ ಕೂತುಬಿಡಬಾರದು, ಹಾದುಹೋಗಬೇಕು.

ಕಷ್ಟದ ಜಾಗ ಇಲ್ಲಿಂದ ಶುರು. ಬ್ಲೂಸಿನ ಗಾಂಧಾರ ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅದು ಸಿಗುವುದಿಲ್ಲ, ಪಿಯಾನೊದಲ್ಲೂ ಇಲ್ಲ. ಗಂಟಲಲ್ಲಿದೆ, ತಂತಿಯಲ್ಲಿದೆ. ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದರೆ ದನಿ ಏರುತ್ತದೆ. ಗಿಟಾರಿನವರು ಅದಕ್ಕೆ ಬೆಂಡ್ ಅನ್ನುತ್ತಾರೆ, ಸಿತಾರಿನವರು ಮೀಂಡ್ ಅನ್ನುತ್ತಾರೆ. ಮೊದಲ ಪಾಠಕ್ಕೆ ಮೂರನೇ ತಂತಿಯ ಏಳನೇ ಫ್ರೆಟ್ ಸಾಕು. ಅಲ್ಲಿರುವುದು ಮಧ್ಯಮ. ಎರಡನೇ ತಂತಿಯ ಐದನೇ ಫ್ರೆಟ್ಟಿನಲ್ಲಿ ಪಂಚಮ ನುಡಿಸಿ ಕೇಳಿಕೊಳ್ಳಿ. ಈಗ ಕೈ ತೆಗೆದು, ಮ-ದಿಂದ ಪ-ಗೆ ಬಾಯಲ್ಲಿ ಜಾರಿ ಹೋಗಿ. ಅದಾದ ಮೇಲೆ ಉಂಗುರ ಬೆರಳಿಂದ ತಂತಿ ಒತ್ತಿ, ಹಿಂದಿನ ಎರಡು ಬೆರಳನ್ನೂ ಅದೇ ತಂತಿಗೆ ಆಸರೆ ಕೊಟ್ಟು, ಬೀಗದ ಕೈ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸಿ. ಬೆರಳಿನ ಬಲದಿಂದ ತಳ್ಳಿದರೆ ನೋವೇ ಹೊರತು ಪಂಚಮ ಮುಟ್ಟುವುದಿಲ್ಲ. ಬಹುಪಾಲು ಹೊಸಬರು ಮ ಬಿಟ್ಟು ಪ ಮುಟ್ಟದೆ ನಡುವೆ ನಿಂತಿರುತ್ತಾರೆ, ತಾವು ಮುಟ್ಟಿದೆವು ಎಂದೇ ತಿಳಿದಿರುತ್ತಾರೆ. ಮೊಬೈಲಿನ ತಂಬೂರಿ ಆ್ಯಪ್ ಎ ಶ್ರುತಿಯಲ್ಲಿ ಹಚ್ಚಿಟ್ಟು ನುಡಿಸಿದರೆ ಕಳ್ಳತನ ತಾನೇ ಸಿಕ್ಕಿಬೀಳುತ್ತದೆ. ಈ ಒಂದು ಎಳೆತಕ್ಕೆ ನಾನು ತಿಂಗಳು ತೆಗೆದುಕೊಂಡೆ. ಹೆಚ್ಚಾಯಿತು ಅನ್ನಿಸುವುದಿಲ್ಲ.

ಬ್ಲೂಸ್ ಗಿಟಾರಿನ ದೊಡ್ಡ ಹೆಸರು ಬಿ. ಬಿ. ಕಿಂಗ್, ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ನುಡಿಸುವುದರಲ್ಲಿ ತಾನು ಚೆನ್ನಾಗಿಲ್ಲ ಎಂದು ಸಲೀಸಾಗಿ ಒಪ್ಪಿಕೊಳ್ಳುತ್ತಿದ್ದ. ಅವನ ಒಂದೊಂದು ಸ್ವರದ ಅಲುಗಾಟ ಕೇಳಿದವರು ಅವನನ್ನು ಗುರುತಿಸಲು ಮುಖ ನೋಡಬೇಕಿಲ್ಲ. ಅದು ವಿಡಿಯೊ ನೋಡಿ ಬರುವುದಲ್ಲ. ಅವನು ಹಾಡುತ್ತಿದ್ದಂತೆಯೇ ನುಡಿಸುತ್ತಿದ್ದ, ಹಾಡುವಾಗ ನುಡಿಸುವುದನ್ನು ನಿಲ್ಲಿಸುತ್ತಿದ್ದ.

ಈಗ ಹನ್ನೆರಡು ಬಾರ್. ಬ್ಲೂಸಿನ ತಾಳಚಕ್ರ ಇದು: ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು ನಲವತ್ತೆಂಟು. ಎ ಶ್ರುತಿಯಲ್ಲಿ ಮೊದಲ ನಾಲ್ಕು ಬಾರ್ ಎ ಸೆವೆನ್, ಐದು-ಆರು ಡಿ ಸೆವೆನ್, ಏಳು-ಎಂಟು ಮತ್ತೆ ಎ ಸೆವೆನ್, ಒಂಬತ್ತನೆಯದು ಇ ಸೆವೆನ್, ಹತ್ತನೆಯದು ಡಿ ಸೆವೆನ್, ಹನ್ನೊಂದು ಎ, ಹನ್ನೆರಡು ಇ. ವಿಡಿಯೊದವರು ಒನ್, ಫೋರ್, ಫೈವ್ ಅಂದಾಗ ನಿಮ್ಮ ತಲೆಯಲ್ಲಿ ಷಡ್ಜದ ಮನೆ, ಮಧ್ಯಮದ ಮನೆ, ಪಂಚಮದ ಮನೆ ಎಂದು ಬರಲಿ. ಹನ್ನೆರಡನೆಯ ಬಾರಿನ ಇ, ಅವರು ಟರ್ನ್‌ಅರೌಂಡ್ ಅನ್ನುವುದು, ಮತ್ತೆ ಸಮಕ್ಕೆ ಕರೆದೊಯ್ಯುವ ತಿಹಾಯಿಯ ಕೆಲಸ ಮಾಡುತ್ತದೆ.

ನಮ್ಮ ಸಂಗೀತದಿಂದ ಬಂದವರಿಗೆ ಇಲ್ಲೊಂದು ಎಚ್ಚರಿಕೆ. ರಾಗದಲ್ಲಿ ಷಡ್ಜ ಅಲುಗಾಡುವುದಿಲ್ಲ, ತಂಬೂರಿ ನೆಲದಂತೆ ಇರುತ್ತದೆ. ಬ್ಲೂಸಿನಲ್ಲಿ ನೆಲವೇ ಸರಿಯುತ್ತದೆ. ನೀವು ನುಡಿಸುವ ಕೋಮಲ ಗಾಂಧಾರ ಎ ಸೆವೆನ್ ಮೇಲೆ ಉರಿಯುತ್ತದೆ, ಏಕೆಂದರೆ ಆ ಕಾರ್ಡಿನೊಳಗೆ ಶುದ್ಧ ಗಾಂಧಾರ ಕೂತಿದೆ. ಅದೇ ಸ್ವರ ಡಿ ಸೆವೆನ್ ಬಂದ ಕೂಡಲೇ ತಣ್ಣಗಾಗುತ್ತದೆ, ಏಕೆಂದರೆ ಡಿ-ಗೆ ಅದು ಕೋಮಲ ನಿಷಾದ, ಕಾರ್ಡಿನದೇ ಸ್ವರ. ಹಾಗಾಗಿ ಮೊದಲ ನಾಲ್ಕು ಬಾರಿನಲ್ಲಿ ಗಾಂಧಾರವನ್ನು ಚೂರು ಮೇಲಕ್ಕೆ ಎಳೆಯಿರಿ, ಐದನೆಯದು ಬಂದಾಗ ಎಳೆಯದೆ ಬಿಡಿ. ಈ ಒಂದು ಉಪಾಯಕ್ಕೆ ಸಿಗುವ ಫಲ ಇಪ್ಪತ್ತು ಹೊಸ ಲಿಕ್ ಕಲಿತರೂ ಸಿಗುವುದಿಲ್ಲ. ಲಿಕ್ ಎಂದರೆ ಸಣ್ಣ ಸಿದ್ಧ ಸಂಗತಿ, ಅಷ್ಟೇ.

ಲಯದ ಹೆಸರು ಷಫಲ್. ದಾದ್ರಾ ಗೊತ್ತಿದ್ದರೆ ಅರ್ಧ ಬಂತು. ಧಾ ಧಿನ್ ನಾ, ಧಾ ತಿನ್ ನಾ ಎಂಬಲ್ಲಿ ನಡುವಿನ ಪೆಟ್ಟು ನುಂಗಿಬಿಡಿ: ಧಾ — ನಾ, ಧಾ — ನಾ. ಕುಂಟುತ್ತ ನಡೆಯುವಂತೆ ಕೇಳಿಸಬೇಕು. ಕಾಲಲ್ಲಿ ತಾಳ ಹಾಕುತ್ತ ಬಾಯಲ್ಲಿ ಇದನ್ನು ಹೇಳಿ, ಆಮೇಲೆ ಕೈಗೆ ತನ್ನಿ.

ಮೊಬೈಲು ಹೇಗೆ ಬಳಸಬೇಕು? ಯೂಟ್ಯೂಬಿನ ಸೆಟ್ಟಿಂಗ್‌ನಲ್ಲಿ ವೇಗ ಇಳಿಸಬಹುದು. 0.75ಕ್ಕೆ ಅಥವಾ 0.5ಕ್ಕೆ ಇಟ್ಟರೆ ದನಿಯ ಶ್ರುತಿ ಕೆಡುವುದಿಲ್ಲ, ನಡಿಗೆ ಮಾತ್ರ ನಿಧಾನ. ಅದೇ ಜಾಗದಲ್ಲಿ ಲೂಪ್ ಇದೆ, ಪಾಠ ತಾನೇ ಮರಳುತ್ತದೆ. ಪರದೆಯ ಎಡಬದಿಗೆ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಹಿಂದೆ. ಲ್ಯಾಪ್‌ಟಾಪ್ ಇದ್ದವರು ವಿಡಿಯೊ ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಹೆಜ್ಜೆ ಹಿಂದೆ ಮುಂದೆ ಸರಿಯುತ್ತದೆ, ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಾಣುತ್ತದೆ. ಮೊಬೈಲಿನ ಸ್ಪೀಕರ್ ನಂಬಬೇಡಿ. ದಪ್ಪ ತಂತಿಯ ದನಿ ಸೆಕೆಂಡಿಗೆ ಸುಮಾರು 82 ಕಂಪನದ್ದು, ಆ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಟ್ಯಾಬ್ ಎಂಬ ಆರು ಗೆರೆಯ ಬರಹದಲ್ಲಿ ಮೇಲಿನ ಗೆರೆ ತೆಳು ತಂತಿಯದು. ಹೊಸಬರೆಲ್ಲ ಇದನ್ನು ಒಮ್ಮೆಯಾದರೂ ತಲೆಕೆಳಗಾಗಿ ಓದುತ್ತಾರೆ.

ನಾನು ಕೊನೆಗೆ ಕಂಡುಕೊಂಡ ಕ್ರಮ ಹೀಗಿದೆ. ಒಂದು ಪಾಠ, ಒಂದು ವಾರ. ಮೊದಲ ದಿನ ಗಿಟಾರು ಮುಟ್ಟದೆ, ಮೊಬೈಲು ಬೋರಲು ಹಾಕಿ ಬರೀ ಕೇಳುವುದು. ಎರಡನೇ ದಿನ ಅದನ್ನು ಸರಿಗಮದಲ್ಲೋ ಬರೀ ಆ-ಕಾರದಲ್ಲೋ ಹಾಡುವುದು. ಮೂರನೇ ದಿನ ಚಿತ್ರ ನೋಡದೆಯೇ ತಂತಿಯ ಮೇಲೆ ಹುಡುಕುವುದು. ಆಮೇಲಷ್ಟೇ ವಿಡಿಯೊ ನೋಡಿ ಬೆರಳು ತಿದ್ದಿಕೊಳ್ಳುವುದು. ವಾರದ ಕೊನೆಗೆ ನಮ್ಮದನ್ನು ನಾವೇ ರೆಕಾರ್ಡ್ ಮಾಡಿ ಕೇಳುವುದು. ಇದೊಂದು ಬಹಳ ಮುಜುಗರದ ಕೆಲಸ, ಆದರೆ ಎದುರಿಗೆ ಕೂತು ಕಿವಿ ಹಿಂಡುವ ಗುರು ಇಲ್ಲದವನಿಗೆ ಬೇರೆ ದಾರಿಯಿಲ್ಲ.

ಯಾರ ಪಾಠ? ತೀರಾ ಹೊಸಬರಿಗೆ ಜಸ್ಟಿನ್ ಸ್ಯಾಂಡರ್ಕೋ ನಡೆಸುವ ಜಸ್ಟಿನ್‌ಗಿಟಾರ್ ಒಳ್ಳೆಯದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾನೆ, ಇಂಗ್ಲಿಷ್ ಬಿಡಿಸಿ ಬಿಡಿಸಿ ಆಡುತ್ತಾನೆ. ಕಾರ್ಡ್ ಬದಲಿಸಲು ಬರುವವರಿಗೆ ಬ್ರಯನ್ ಶೆರಿಲ್‌ನ ಆ್ಯಕ್ಟಿವ್ ಮೆಲಡಿ ಹಿಡಿಸುತ್ತದೆ, ಜೊತೆಗಾರರಿಲ್ಲದೆ ಒಬ್ಬರೇ ಕೂತು ನುಡಿಸುವ ತುಣುಕುಗಳು ಅಲ್ಲಿ ಹೆಚ್ಚು. ಇಬ್ಬರಲ್ಲಿ ಒಬ್ಬರನ್ನು ಹಿಡಿಯಿರಿ. ಪಾಠ ಮಾಡದವರನ್ನೂ ಕೇಳಬೇಕು. ಹಳೆಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936-37ರಲ್ಲಿ ಒಟ್ಟು 29 ಹಾಡು ಧ್ವನಿಮುದ್ರಿಸಿ, ಮರುವರ್ಷ 27ರ ಪ್ರಾಯದಲ್ಲಿ ತೀರಿಕೊಂಡ. ಅವನೊಬ್ಬನೇ ನುಡಿಸಿದ್ದು ಇಬ್ಬರು ನುಡಿಸಿದಂತಿದೆ. ಸ್ಲೈಡ್ ಕಡೆ, ಅಂದರೆ ತಂತಿ ಮೇಲೆ ಜಾರಿಸಿ ನುಡಿಸುವ ಕಡೆ, ಮನಸ್ಸು ಎಳೆದರೆ ನಮ್ಮ ವಿಶ್ವಮೋಹನ್ ಭಟ್ ಮತ್ತು ಅಮೆರಿಕದ ರೈ ಕೂಡರ್ ಕೂಡಿ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದ ಆಲ್ಬಮ್ ಇದೆ, ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಹಿಂದೂಸ್ತಾನಿ ಗಿಟಾರು ಇದೆ. ತಂತಿ ಮೇಲೆ ಜಾರುವುದರಲ್ಲಿ ಎರಡು ದೇಶ ಎಷ್ಟು ಹತ್ತಿರ ಎಂಬುದು ಅಲ್ಲಿ ಕೇಳಿಸುತ್ತದೆ.

ವಾದ್ಯದ ಬಗ್ಗೆ ಚುಟುಕಾಗಿ. ಆನ್‌ಲೈನಲ್ಲಿ ತರಿಸಿದ ನನ್ನ ಮೊದಲ ಗಿಟಾರಿನ ತಂತಿ ಎಷ್ಟು ಎತ್ತರವಿತ್ತೆಂದರೆ ಬೆರಳು ಸೀಳಿ, ಕೈಯೇ ದಡ್ಡ ಎಂದು ತಿಳಿದಿದ್ದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 3 ಮಿ.ಮೀ.ಗಿಂತ ಎತ್ತರವಿದ್ದರೆ ತಪ್ಪು ವಾದ್ಯದ್ದು. ಅಕೂಸ್ಟಿಕ್ ಗಿಟಾರಿನ ಮೂರನೇ ತಂತಿಗೆ ಸಾಮಾನ್ಯವಾಗಿ ಸುತ್ತು ಹೊಸೆದಿರುತ್ತಾರೆ, ಅದು ಎಳೆತಕ್ಕೆ ಬಗ್ಗುವುದಿಲ್ಲ. ಬ್ಲೂಸೇ ಗುರಿಯಾದರೆ 9 ಅಥವಾ 10ರ ಗೇಜಿನ ತೆಳು ತಂತಿಯ ಎಲೆಕ್ಟ್ರಿಕ್ ಗಿಟಾರು ಕೈಗೆ ದಯೆ ತೋರುತ್ತದೆ. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಗಿಟಾರನ್ನು ತಗಡಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಒಣಗಿದ ಮರ ಕುಗ್ಗಿ ಕತ್ತು ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಬೆವರಿದ ಕೈಯಲ್ಲಿ ನುಡಿಸಿದ ಮೇಲೆ ತಂತಿ ಒರೆಸಿ.

ವಿಡಿಯೊ ಕಲಿಸಲಾರದ್ದು ಒಂದಿದೆ, ಇನ್ನೊಬ್ಬರ ಜೊತೆ ನುಡಿಸುವುದು. ಅದಕ್ಕೆ ಬ್ಲೂಸ್ ಬಲ್ಲವರೇ ಬೇಕಿಲ್ಲ. ಭಜನೆಗೆ ಡೋಲಕ್ ಬಾರಿಸುವ ಹುಡುಗನನ್ನು ಕೂರಿಸಿಕೊಂಡು ನಡುಪೆಟ್ಟು ನುಂಗಿದ ದಾದ್ರಾ ಹಿಡಿಸಿ. ನೀವು ಎ ಸೆವೆನ್ ಹಿಡಿದು ಶುರು ಮಾಡಿ. ಮೊದಮೊದಲು ಎಂಟನೇ ಬಾರ್‌ಗೇ ಅವನು ಮುಕ್ತಾಯ ಕೊಟ್ಟುಬಿಡುತ್ತಾನೆ, ಎಂಟರ ಲೆಕ್ಕ ಕಿವಿಗೆ ಕೂತಿರುತ್ತದೆ. ಇನ್ನೂ ನಾಲ್ಕಿದೆ ತಮ್ಮಾ ಎಂದು ಕಣ್ಣಲ್ಲೇ ಹೇಳಿ ಇ ಸೆವೆನ್‌ಗೆ ಹೋಗಿ. ನಾಲ್ಕನೇ ಸುತ್ತಿಗೆ ಅವನೇ ಹನ್ನೆರಡನೆಯ ಬಾರಿನಲ್ಲಿ ಒಂದು ಉರುಳಿಕೆ ಬಾರಿಸಿ ನಿಮ್ಮನ್ನು ಸಮಕ್ಕೆ ತಂದು ನಿಲ್ಲಿಸುತ್ತಾನೆ.